ಮಲಗಿದ ಹುಲ್ಲು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ರೆಸಾರ್ಟಿನಲ್ಲಿ, ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯೊಂದಿತ್ತು. ಅದರ ಪೆಟ್ರೋಲ್ ಎಂಜಿನ್ನು ಮೆಕ್ಯಾನಿಕ್ ಅಂಜನಪ್ಪನೊಬ್ಬನ ಮಾತು ಮಾತ್ರ ಕೇಳುತ್ತಿತ್ತು. ಚೋಕ್ ಅರ್ಧ ಎಳೆದು, ಪಕ್ಕಕ್ಕೊಂದು ಗುದ್ದು ಕೊಟ್ಟು ಸ್ಟಾರ್ಟ್ ಮಾಡುವ ಗುಟ್ಟನ್ನು ಹನ್ನೆರಡು ವರ್ಷ ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿಯನ್ನು ಮೊದಲು ಓಡಿಸುವ ಮರ್ಯಾದೆಯೂ ಅವನದೇ. ಆ ಒಂದು ಗಳಿಗೆಗಾಗಿ ಅವನು ಹೊಸ ಅಂಗಿ ಹೊಲಿಸುತ್ತಿದ್ದ.

ಈ ವರ್ಷ ಎಂಜಿನ್ ಪೂರ್ತಿ ಕೈಕೊಟ್ಟಿತು. ಮ್ಯಾನೇಜರ್ ನಟರಾಜ್ ಅಂಜನಪ್ಪನನ್ನು ಒಂದು ಮಾತೂ ಕೇಳದೆ, ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಹೇಮಾವತಿಗೆ ಗಾಡಿ ಒಪ್ಪಿಸಿದರು. ಅವಳು ಎಂಜಿನ್ ಕಿತ್ತು, ಚಕ್ರಕ್ಕೊಂದು ಅಲಗಿಗೊಂದು ಮೋಟಾರು ಕೂರಿಸಿ, ಸೀಟಿನಡಿ ಬ್ಯಾಟರಿ ಇಟ್ಟಳು. ಪೇಟೆಯಲ್ಲೆಲ್ಲ ಅದೇ ಮಾತು. ಅಂಜನಪ್ಪನಿಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಧಗಧಗ ಉರಿಯಿತು.

"ಸದ್ದೇ ಇಲ್ದಿರೋದು ಎಂಥಾ ಗಾಡಿ!" ಎಂದು ಊಟಕ್ಕೆ ಕೂತಾಗ ಗೊಣಗಿದ.

"ನಿಮ್ಗೆ ಸಿಟ್ಟು ಗಾಡಿ ಮೇಲಾ, ಹೇಮನ ಮೇಲಾ?" ಎಂದಳು ಹೆಂಡತಿ ಕನ್ನಮ್ಮ. ಅವನು ಮಜ್ಜಿಗೆಗೂ ಕಾಯದೆ ಎದ್ದ.

ಹಬ್ಬಕ್ಕೆ ಎರಡು ದಿನವಿರುವಾಗ ಮನಸ್ಸು ತಡೆಯದೆ ನೋಡಲು ಹೋದ. ಹೇಮಾವತಿ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಅಲಗು ತಿರುಗಿಸಿ ತೋರಿಸಿದಳು. ಸ್ವಿಚ್ ಆರಿಸಿದಾಗ ಅಲಗು ನಿಧಾನವಾಗುತ್ತ ನಿಂತಿತು. ಎಷ್ಟೋ ಸಲ ಅದಕ್ಕೆ ಸಾಣೆ ಹಿಡಿದ ಕಣ್ಣು ಅವನದು. ಮೊಂಡು ಬದಿ ಮುಂದೆ, ಹರಿತದ ಬದಿ ಹಿಂದೆ! ಅಲಗು ಉಲ್ಟಾ ತಿರುಗುತ್ತಿತ್ತು. ಪಂಪಾಗಿದ್ದರೆ ನೀರು ಸರಿಯಾಗಿ ಬಾರದೆ ಅವಳಿಗೇ ತಿಳಿಯುತ್ತಿತ್ತು.

"ಹೆಂಗಿದೆ ಅಂಜಣ್ಣ? ನೀವು ನೋಡಿದ್ರೆ ನಂಗೆ ಧೈರ್ಯ."

"ಚೆನ್ನಾಗಿದೆ" ಎಂದ ಅಂಜನಪ್ಪ. ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತ ಮನೆಗೆ ಬಂದ.

ಪೂಜೆಯ ದಿನ ನಟರಾಜ್ ಹೇಮಾವತಿಯನ್ನೇ ಸೀಟಿಗೆ ಹತ್ತಿಸಿದರು. ನಿಂಬೆಹಣ್ಣು ಪಚಕ್ಕೆಂದಾಗ ಅಂಜನಪ್ಪ ಮುಖ ತಿರುಗಿಸಿದ. ಗಾಡಿ ಹುಲ್ಲಿಗೆ ಇಳಿಯಿತು. ಹುಲ್ಲು ತುಂಡಾಗಲಿಲ್ಲ, ಚಾಪೆಯಂತೆ ಮಲಗಿತು. ನೆರೆದವರು ನಕ್ಕರು. ಹೇಮಾವತಿಯ ಮುಖ ಬಾಡಿತು.

ಅಂಜನಪ್ಪ ಹೊಸ ಅಂಗಿಯ ತೋಳು ಮಡಚಿ ಮುಂದೆ ಬಂದ. "ಅಲಗು ಉಲ್ಟಾ ತಿರುಗ್ತಿದೆ ಮಾರಾಯ್ತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅವಳು ಹಣೆ ಚಚ್ಚಿಕೊಂಡಳು. ಕೆಳಗಿಳಿದು ಅಲಗಿನ ಮೋಟಾರಿನ ಎರಡು ವೈರು ಅದಲುಬದಲು ಮಾಡಿದಳು, ಅಷ್ಟೇ. ಆಮೇಲೆ ತಾನು ಹತ್ತದೆ, "ನೀವೇ ಓಡ್ಸಿ ಅಂಜಣ್ಣ" ಎಂದಳು.

ಅಂಜನಪ್ಪ ಹತ್ತಿ ಕೂತ. ಗಾಡಿ ಹೊರಟಿತು, ಹುಲ್ಲು ಸಲೀಸಾಗಿ ತುಂಡಾಯಿತು, ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲೇ ನಡೆಯುತ್ತಿದ್ದ ಹೇಮಾವತಿ ಮೆಲ್ಲಗೆ ಕೇಳಿದಳು: "ಮೊನ್ನೆ ನಿಮ್ಗೆ ಕಾಣ್ತು, ಅಲ್ವಾ?"

ಹಳೆಯ ಎಂಜಿನ್ ಇದ್ದಿದ್ದರೆ ಕೇಳಿಸಲಿಲ್ಲ ಎನ್ನಬಹುದಿತ್ತು. ಈ ಗಾಡಿಗೆ ಅಷ್ಟು ಸದ್ದೂ ಇರಲಿಲ್ಲ.