ಅರ್ಧಕ್ಕೆ ನಿಂತ ಕ್ಯೂಬೆಕ್ ಹಾಡು

ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿಸುತ್ತಿದ್ದಾಗ ನನ್ನ ಹಳೆಯ ಪಿಟೀಲಿನ ಪೆಟ್ಟಿಗೆ ಕೆಳಗೆ ಬಂತು. ತುಕ್ಕು ಹಿಡಿದ ಕೊಂಡಿಯನ್ನು ಚಾಕುವಿನಿಂದ ಮೀಟಿ ತೆರೆದೆ. ಕಮಾನಿಗೆ ಉಜ್ಜುವ ರಾಳದ ವಾಸನೆ ಮುಖಕ್ಕೆ ಬಡಿಯಿತು. ಇಷ್ಟು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ... ನನ್ನ ಸಿಟ್ಟೂ ಹೋಗಿಲ್ಲವೆಂದು ಅಲ್ಲೇ ನಿಂತಾಗ ಗೊತ್ತಾಯಿತು.

ಆಗ ನಾವು ತಮಿಳರ ನಡುವೆ, ವಡಪಳನಿಯಲ್ಲಿದ್ದೆವು. ಅಪ್ಪನಿಗೆ ಬ್ಯಾಂಕಿನ ಕೆಲಸ. ನಮ್ಮ ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಪಿಟೀಲು ಟೀಚರ್ ಒಬ್ಬರೇ ಬಾಡಿಗೆಗಿದ್ದರು. ಮೈಸೂರಿನ ಕಡೆಯವರು. ಪಾಠದಲ್ಲಿ ಬಹಳ ಕಟ್ಟುನಿಟ್ಟು. ಶ್ರುತಿ ಒಂದು ಕೂದಲಷ್ಟು ಜಾರಿದರೂ ಕಮಾನು ಕೆಳಗಿಡಿಸುತ್ತಿದ್ದರು. ಅವರಲ್ಲಿ ಕಲಿಯಲು ಕೆನಡಾದಿಂದ ಒಬ್ಬ ಹುಡುಗಿ ಬಂದಿದ್ದಳು. ಕ್ಯೂಬೆಕ್ ಎಂಬ ಪ್ರಾಂತ್ಯದವಳು. ಊರಿಗೆ ಹೊರಡುವಾಗ ಟೀಚರ್ ಕಾಲಿಗೆ ನಮಸ್ಕರಿಸಿ ಒಂದು ಎಲ್‌ಪಿ ರೆಕಾರ್ಡ್ ಕೊಟ್ಟುಹೋದಳು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಹುಡುಗರು ಸೇರಿ ಮಾಡಿದ್ದಂತೆ.

ನಾನು ಪಾಠಕ್ಕೆ ಹೋದ ಒಂದು ಸಂಜೆ ಟೀಚರ್ ಬಾಗಿಲು ತೆರೆದವರು ತುಟಿಯ ಮೇಲೆ ಬೆರಳಿಟ್ಟು, "ಪಿಟೀಲು ಆಮೇಲೆ ತೆಗಿಯೇ. ಮೊದ್ಲು ಇದನ್ನ ಕೇಳು" ಎಂದರು.

ನೆಲದ ಮೇಲೆ ಕೂತು ಕೇಳಿದೆವು. ಡ್ರಮ್ಮಿನ ಸದ್ದೇ ಇರಲಿಲ್ಲ. ಎರಡು ಮೂರು ಗಿಟಾರು, ಒಂದು ಕೊಳಲು, ಒಂದರ ಮೇಲೊಂದು ಏರುವ ಧ್ವನಿಗಳು. ಜೋಗುಳದ ಹಾಗೆ ಶುರುವಾದ ಹಾಡು ಮೆಲ್ಲಗೆ ದಾರಿ ಬದಲಿಸಿತು. ಮತ್ತೆ ಪಲ್ಲವಿಗೆ ಬರುತ್ತದೆಂದು ಕಾದರೆ ಬರಲೇ ಇಲ್ಲ, ಇನ್ನೆಲ್ಲಿಗೋ ಹೋಯಿತು. ಟೀಚರ್ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಖಂಡ ನಡೆ ಕಣೇ ಇದು, ಐದರ ಲೆಕ್ಕ... ಅಯ್ಯೋ, ಏಳರ ಮಿಶ್ರಕ್ಕೆ ಜಾರ್ಬಿಟ್ರು ನೋಡು" ಎಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹಾಡಿನ ಮಾತು ನಮಗೆ ತಿಳಿಯುತ್ತಿರಲಿಲ್ಲ. ಫ್ರೆಂಚು. ಹಾಡಿದ ಆ ಹುಡುಗರ ಸುತ್ತ ಎಲ್ಲೆಲ್ಲೂ ಇಂಗ್ಲಿಷ್, ಅದರ ನಡುವೆ ತಮ್ಮ ಮಾತಿನಲ್ಲೇ ಹಾಡಬೇಕೆಂದು ಹಟ ಹಿಡಿದವರಂತೆ ಅವರು. ಆ ಹುಡುಗಿ ಹೇಳಿದ್ದ ಈ ಸಂಗತಿ ಟೀಚರ್ ತಲೆಯಲ್ಲಿ ಕೂತುಬಿಟ್ಟಿತ್ತು. "ನಾವೂ ಹಾಗೇ ಅಲ್ವೇನೆ? ಮನೆ ಬಾಗ್ಲು ದಾಟಿದ್ರೆ ತಮಿಳು" ಎನ್ನುತ್ತಿದ್ದರು. ಕೊನೆಗೆ ಆ ಹಾಡಿನ ಧಾಟಿಗೆ ತಾವೇ ಕನ್ನಡದ ಮಾತು ಕಟ್ಟಿದರು. ನಮಗೆ ಮೂವರು ಹುಡುಗಿಯರಿಗೆ ಪಿಟೀಲಿನಲ್ಲಿ ಬೇರೆ ಬೇರೆ ಸ್ವರ ಹಂಚಿಕೊಟ್ಟರು. ಸಿನಿಮಾ ಸ್ಟುಡಿಯೋದಲ್ಲಿ ಗಿಟಾರ್ ನುಡಿಸುತ್ತಿದ್ದ ಕೆಳಮನೆಯವರು ಜೊತೆಗೆ ಬಂದರು. ನವೆಂಬರಿನ ರಾಜ್ಯೋತ್ಸವಕ್ಕೆ ಬಡಾವಣೆಯ ಕನ್ನಡ ಕೂಟದಲ್ಲಿ ಇದನ್ನು ನುಡಿಸುವುದೆಂದು ನಿಶ್ಚಯವಾಯಿತು.

ಆ ದಿನ ಟೀಚರ್ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಹಾಡಿನ ಬಗ್ಗೆ ಎರಡು ಮಾತು ಹೇಳಿ ತಾವೇ ಹಾಡತೊಡಗಿದರು. ಜೋಗುಳದ ಭಾಗ ಮುಗಿಯಿತು. ಗಿಟಾರು ಏರತೊಡಗಿತು, ಧ್ವನಿ ದಾರಿ ಬದಲಿಸಿತು... ಮುಂದಿನ ಸಾಲಿನಲ್ಲಿದ್ದ ಕೂಟದ ಕಾರ್ಯದರ್ಶಿ ಎದ್ದು ಬಂದು ಮೈಕಿನ ವೈರು ಕಿತ್ತರು.

"ಸಾಕು ನಿಲ್ಸಿಮ್ಮಾ. ಇದೇನ್ ರಾಜ್ಯೋತ್ಸವಾನಾ, ಚರ್ಚಾ?"

ಕೆಲವರು ನಕ್ಕರು. ಹಾಡಿದ್ದು ಕನ್ನಡವೆಂದು ಯಾರೂ ಹೇಳಲಿಲ್ಲ. ಗಿಟಾರಿನವರು ತಲೆ ತಗ್ಗಿಸಿ ವಾದ್ಯವನ್ನು ಚೀಲಕ್ಕೆ ಹಾಕಿಕೊಂಡರು. ಅವರು ನಿಜವಾಗಿಯೂ ಭಾನುವಾರ ಚರ್ಚಿಗೆ ಹೋಗುವವರು. ಆ ಮಾತು ಅವರಿಗೆ ಎಲ್ಲಿ ತಾಕಿತೋ. ಟೀಚರ್ ನಮ್ಮ ಕಡೆ ತಿರುಗಿ ಮೆಲ್ಲಗೆ, "ಇಳೀರಿ ಮಕ್ಕಳೇ" ಎಂದರು.

ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಟೀಚರ್ ಮಕ್ಕಳನ್ನು ಕೆಡಿಸುತ್ತಿದ್ದಾರೆಂದು ಕಾರ್ಯದರ್ಶಿ ಮನೆಮನೆಗೂ ಹೇಳಿಕೊಂಡು ಬಂದರು. ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿದರು. ನಮ್ಮಪ್ಪನೂ ಪೇಪರಿನಿಂದ ತಲೆ ಎತ್ತದೆ, "ನಾಳೆಯಿಂದ ಹೋಗ್ಬೇಡ. ಆಯಮ್ಮನಿಗೆ ಸಂಪ್ರದಾಯ ಅಂದ್ರೇನೂಂತ ಗೊತ್ತಿಲ್ಲ" ಎಂದರು. ಕಚೇರಿಯ ಮೊದಲಿಗೆ ನುಡಿಸುವ ಒಂದು ವರ್ಣವನ್ನೂ ಗುರುತು ಹಿಡಿಯಲಾರದವರು ನಮ್ಮಪ್ಪ! ನಾನು ಊಟ ಬಿಟ್ಟೆ, ಅತ್ತೆ, ಕೂಗಾಡಿದೆ. ಏನೂ ಬದಲಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಟೀಚರ್ ಮನೆ ಖಾಲಿ ಮಾಡಿ ಊರಾಚೆ ಮಾಧವರಂನಲ್ಲಿದ್ದ ಅಣ್ಣನ ಮನೆಗೆ ಹೋದರು.

ಮದುವೆಯಾದ ಮೇಲೆ ಒಮ್ಮೆ ಅವರನ್ನು ಹುಡುಕಿಕೊಂಡು ಹೋಗಿದ್ದೆ. ಕಾಫಿ ಕೊಟ್ಟರು. ಪಾಠ ಹೇಳುವುದನ್ನು ಬಿಟ್ಟಿದ್ದರು. ರೆಕಾರ್ಡು ಎಲ್ಲಿ ಎಂದೆ. ಮನೆ ಬದಲಿಸುವಾಗ ಮುರಿಯಿತಂತೆ. ಖಾಲಿ ಲೋಟ ಎತ್ತಿಕೊಳ್ಳುತ್ತಾ ಹೇಳಿದರು:

"ಬೈದಿದ್ರೆ ಬೈಸ್ಕೋತಿದ್ದೆ ಕಣೇ. ಮುಗಿಯೋವರೆಗೂ ಕೇಳಿ ಆಮೇಲೆ ಬೈಬಹುದಿತ್ತಲ್ವಾ?"

ಅದಾಗಿ ಕೆಲವು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಪೆಟ್ಟಿಗೆ ಸಿಕ್ಕ ರಾತ್ರಿ ಮಗಳನ್ನು ಕೂರಿಸಿಕೊಂಡು ಆ ರೆಕಾರ್ಡಿನ ಕವರ್ ಹೇಗಿತ್ತೆಂದು ವರ್ಣಿಸಿದೆ. ಅವಳು ಫೋನಿನಲ್ಲಿ ಏನೇನೋ ಹುಡುಕಿ, "ಇದು ತಾನೇ ಮಾ?" ಎಂದು ಮುಂದೆ ಹಿಡಿದಳು. ಅದೇ! ಯಾರು ಯಾರೋ ಅದನ್ನು ಹೊಗಳಿ ಬರೆದಿದ್ದರು. ಕೇಳಲು ಧೈರ್ಯವಾಗಲಿಲ್ಲ. ಹಾಡನ್ನು ನನ್ನ ಫೋನಿನಲ್ಲಿ ಎತ್ತಿಟ್ಟುಕೊಂಡೆ.

ಹೋದ ವಾರ ಟಿ. ನಗರದಲ್ಲಿ ಒಂದು ಮದುವೆಯ ರಿಸೆಪ್ಷನ್. ವೇದಿಕೆಯ ಮೇಲೆ ಹುಡುಗರು ಗಿಟಾರು, ಪಿಟೀಲು ಸೇರಿಸಿ ದೇವರನಾಮ ನುಡಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದ ಮುದುಕರೊಬ್ಬರು ತಲೆದೂಗುತ್ತಿದ್ದರು. ತಿರುಗಿ ನೋಡಿದರೆ ಅದೇ ಕಾರ್ಯದರ್ಶಿ.

"ಎಷ್ಟ್ ಚೆನ್ನಾಗಿದೆ ಅಲ್ವಾಮ್ಮಾ? ನಮ್ಮ ಕಾಲದಲ್ಲಿ ಯಾರಿಗೂ ಇದೆಲ್ಲ ತೋಚ್ಲೇ ಇಲ್ಲ."

"ಒಬ್ರಿಗೆ ತೋಚಿತ್ತು ಸಾರ್" ಎಂದು ಎಲ್ಲವನ್ನೂ ನೆನಪಿಸಿದೆ. ಅವರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು.

"ಓ, ಆ ವಡಪಳನಿ ಟೀಚರಾ... ಆ ಕಾಲ ಹಾಗಿತ್ತಮ್ಮಾ."

"ಕಾಲ ಎದ್ದು ಬಂದು ವೈರು ಕೀಳ್ಲಿಲ್ಲ ಸಾರ್. ಕಿತ್ತಿದ್ದು ನೀವು."

ಅವರು ವೇದಿಕೆಯತ್ತ ಮುಖ ತಿರುಗಿಸಿದರು. ಅಲ್ಲಿಂದ ಕಣ್ಣು ತೆಗೆಯದೆ, "ಈಗ ಎಲ್ಲಿದ್ದಾರೆ?" ಎಂದರು. ತೀರಿಕೊಂಡರು ಎಂದೆ. "ಪಾಪ" ಎಂದರು. ಅಷ್ಟೇ.

ಊಟಕ್ಕೆ ನಿಲ್ಲದೆ ಆಟೋ ಹತ್ತಿದೆ. ಫೋನ್ ತೆಗೆದು, ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಹಾಡು ಹಾಕಿದೆ. ಜೋಗುಳ ಮುಗಿಯಿತು, ಗಿಟಾರು ಏರಿತು. ನಮ್ಮನ್ನು ನಿಲ್ಲಿಸಿದ ಜಾಗ ಬಂತು, ದಾಟಿತು. ಅಲ್ಲಿಂದಾಚೆಗೆ ಹಾಡು ಇನ್ನೂ ಎಷ್ಟೊಂದು ಉಳಿದಿತ್ತು... ಅದಕ್ಕೆ ಟೀಚರ್ ಯಾವ ಮಾತು ಕಟ್ಟಿದ್ದರೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅವರಿಲ್ಲ.