ಮಗ್ಗು, ಸೋಪು, ಸೊಂಟ

ಶಿಶುವಿಹಾರದ ಹಿಂಬದಿಯಲ್ಲಿ ಮೂರು ಪುಟ್ಟ ಕಕ್ಕಸುಗಳು, ಒಂದೊಂದರಲ್ಲೂ ಮೊಣಕಾಲೆತ್ತರಕ್ಕೆ ನಲ್ಲಿ, ಮಗ್ಗು. ಹೊರಗೆ ಕೈ ತೊಳೆಯುವ ತೊಟ್ಟಿ, ಕಾಲು ಅಲ್ಲಾಡುವ ಒಂದು ಸ್ಟೂಲು. ಆಯಮ್ಮನ ಹತ್ತೊಂಬತ್ತು ವರ್ಷ ಅಲ್ಲೇ ಸವೆದಿತ್ತು. ಚಡ್ಡಿ ಇಳಿಸುವುದು, ಕೂರುವುದು, ತೊಳೆದುಕೊಳ್ಳುವುದು, ಸೋಪು ಹಚ್ಚುವುದು, ಇಷ್ಟನ್ನು ಮಕ್ಕಳಿಗೆ ಕಲಿಸುವುದೇ ಅವಳ ಕೆಲಸ. ಸ್ಟೂಲಿನ ಮೇಲೆ ಕೂತದ್ದು ಅಪರೂಪ. ಒಂದನೆಯದು ಮುಗಿಯುವಷ್ಟರಲ್ಲಿ ಮೂರನೆಯದರಿಂದ "ಆಯ್ತೂ" ಅನ್ನುವ ಕೂಗು ಬರುತ್ತಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈಗಲೇ ಕಲಿಸ್ಬೇಕು" ಎಂದು ಟೀಚರ್ ತಿಂಗಳಿಗೊಮ್ಮೆ ಉಪದೇಶ ಮಾಡುತ್ತಿದ್ದರು. ದಿನಕ್ಕೆ ನಲವತ್ತು ಸಲ ಬಗ್ಗುತ್ತಿರುವ ಮರ ಯಾವುದು ಅಂತ ಮಾತ್ರ ಕೇಳಿದವರಿಲ್ಲ. ಬಗ್ಗಿದಾಗಲೆಲ್ಲ ಆಯಮ್ಮನ ಬಾಯಿಂದ "ಅಯ್ಯೋ ನನ್ನ ಸೊಂಟವೇ" ತಾನಾಗಿ ಹೊರಡುತ್ತಿತ್ತು. ಅದು ಅವಳ ಕಿವಿಗೇ ಬೀಳುವುದು ನಿಂತು ವರ್ಷಗಳಾಗಿದ್ದವು.

ಕಲಿಸುವುದಕ್ಕೆ ತಾಳ್ಮೆ ಬೇಕು, ತಾಳ್ಮೆಗೆ ಮೈಯಲ್ಲಿ ಕಸುವು ಬೇಕು. ಗುಂಡನ ವಿಷಯದಲ್ಲಿ ಅವಳಿಗೆ ಎರಡೂ ಸಾಲಲಿಲ್ಲ. ಮಗ್ಗು ಕೊಟ್ಟರೆ ಆ ಹುಡುಗ ಅಂಗಿ, ಚಡ್ಡಿ, ಗೋಡೆ ಎಲ್ಲ ತೊಳೆದು, ತೊಳೆಯಬೇಕಾದ ಜಾಗವೊಂದನ್ನು ಹಾಗೇ ಬಿಡುತ್ತಿದ್ದ. ತಾನೇ ತೊಳೆದರೆ ಎರಡು ನಿಮಿಷ. ಹಾಗಾಗಿ ವರ್ಷಪೂರ್ತಿ ತಾನೇ ತೊಳೆದಳು. ಟೀಚರ್ ಕೇಳಿದಾಗ "ಕಲೀತಿದಾನೆ" ಅಂದಳು.

ಆ ಸುಳ್ಳು ಈಗ ಕುತ್ತಿಗೆಗೆ ಬಂದಿತ್ತು. ಗುಂಡನಿಗೆ ನಾಲ್ಕು ವರ್ಷ ತುಂಬಿತ್ತು, ನಾಲ್ಕು ತುಂಬಿದವರು ದೊಡ್ಡ ಕೋಣೆಗೆ ಹೋಗಬೇಕು. ತೊಳೆದುಕೊಳ್ಳಲು ಬಾರದವರಿಗೆ ಅಲ್ಲಿ ಜಾಗವಿಲ್ಲ, ಚಿಕ್ಕ ಕೋಣೆಯಲ್ಲೂ ಉಳಿಯುವಂತಿಲ್ಲ. ಗುಂಡನ ಅಮ್ಮ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಮಗನನ್ನು ಬಿಡುತ್ತಾ ಬಾಗಿಲಲ್ಲೇ ನಿಂತಳು.

"ಇವತ್ತೇ ಟೀಚರ್ ನೋಡೋದಂತೆ ಆಯಮ್ಮಾ. ಬೇಡ ಅಂದ್ಬಿಟ್ರೆ ನಾನು ಕೆಲಸ ಬಿಡ್ಬೇಕಾಗತ್ತೆ. ಅವನಿಗೆ ಬರತ್ತೆ ತಾನೆ?"

"ನೀನು ಹೋಗಮ್ಮ, ಬಸ್ಸು ತಪ್ಪತ್ತೆ" ಅಂದಳು ಆಯಮ್ಮ.

ಹನ್ನೊಂದಕ್ಕೆ ಗುಂಡ ಹೊಟ್ಟೆ ಹಿಡಿದುಕೊಂಡು ಓಡಿದ. ಟೀಚರ್ ಪಟ್ಟಿ, ಪೆನ್ನು ಹಿಡಿದು ಬಾಗಿಲ ಹೊರಗೆ ನಿಂತರು.

"ಆಯ್ತೂ" ಅಂದ ಒಳಗಿಂದ.

ಆಯಮ್ಮನ ಕಾಲು ತಾನಾಗಿ ಮುಂದೆ ಹೋಯಿತು. ಟೀಚರ್ ಕೈ ಅಡ್ಡ ಹಿಡಿದರು.

"ಆಯಮ್ಮಾ, ಆಯ್ತೂ" ಎಂದು ಗುಂಡ ಮತ್ತೆ ಕೂಗಿದ.

ಅವಳು ಒದ್ದೆ ಟವಲನ್ನು ಹಿಂಡುತ್ತಾ ನಿಂತಳು. ನಾನು ದಣಿದದ್ದಕ್ಕೆ ಆ ತಾಯಿ ಕೆಲಸ ಕಳೆದುಕೊಳ್ಳಬೇಕೇ ಅನ್ನಿಸಿತು. ಒಳಗೆ ನಲ್ಲಿ ಗಿರಕ್ಕೆಂದಿತು, ಮಗ್ಗು ತುಂಬಿತು. ಅದರ ಹಿಂದೆಯೇ ಪುಟ್ಟ ಗಂಟಲಿನಿಂದ ಒಂದು ಉದ್ದದ ನರಳಾಟ:

"ಅಯ್ಯೋ ನನ್ನ ಸೊಂಟವೇ."

ಮತ್ತೆ ನೀರು, ಮತ್ತೆ ಸೊಂಟ. ಒಟ್ಟು ಮೂರು ಸಲ. ಆಯಮ್ಮ ತೊಳೆಯುವುದೂ ಮೂರು ಮಗ್ಗು ನೀರಿನಲ್ಲೇ.

ಗುಂಡ ಚಡ್ಡಿ ಸೊಟ್ಟಗೆ ಏರಿಸಿಕೊಂಡು ಬಂದ. ಮಣಿಕಟ್ಟಿನವರೆಗೂ ಸೋಪು ಹಚ್ಚಿ ತೊಳೆದು, ಎರಡೂ ಕೈ ಎತ್ತಿ ತೋರಿಸಿದ. ಟೀಚರ್ ನಗು ಕಚ್ಚಿಕೊಂಡು ಗುರುತು ಹಾಕಿ, "ಪರವಾಗಿಲ್ಲ ಆಯಮ್ಮ, ಚೆನ್ನಾಗೇ ಕಲಿಸಿದೀರ" ಎಂದು ಹೊರಟರು.

ಆಯಮ್ಮ ಸ್ಟೂಲಿನ ಮೇಲೆ ಕುಸಿದಳು. "ಅದ್ಯಾಕೋ ಹಾಗಂದೆ?"

"ಅದು ಹೇಳ್ದೆ ಹೋದ್ರೆ ಕ್ಲೀನ್ ಆಗಲ್ಲ" ಅಂದ ಗುಂಡ, ಇಷ್ಟೂ ಗೊತ್ತಿಲ್ಲವೇ ಅನ್ನುವಂತೆ.

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳ ತಲೆಗೆ ನನ್ನ ನೋವನ್ನೂ ಕಟ್ಟಿ ಕಳಿಸಿದೆನೋ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಮೂರನೆಯ ಕಕ್ಕಸಿನಿಂದ "ಆಯ್ತೂ." ಎದ್ದು ಹೋಗಿ ಬಗ್ಗಿದಳು, ಬಾಯಿ ತೆರೆದಳು, ಮುಚ್ಚಿಕೊಂಡಳು.

ಕೂತಿದ್ದ ಪುಟಾಣಿ ಹುಡುಗಿ ಕಾದು ನೋಡಿ ಕೇಳಿದಳು, "ಆಯಮ್ಮಾ, ಸೊಂಟ ಹೇಳಲ್ವಾ?"

ಆಯಮ್ಮ ಮಗ್ಗನ್ನು ಅವಳ ಕೈಗೆ ಕೊಟ್ಟಳು.

"ತಗೋ ಮರಿ. ಇನ್ಮೇಲೆ ನೀನೇ ಹೇಳ್ಕೊಂಡು ತೊಳ್ಕೋ."