ಚೀಟಿರಾಯರು

ಮ್ಯೂಸಿಯಂನಲ್ಲಿ ಹತ್ತಿ ತುಂಬಿಟ್ಟ ಒಂಬತ್ತು ಸಾವಿರ ಹಕ್ಕಿಗಳ ಕಾಲಿಗೆ ಹೆಸರಿನ ಚೀಟಿ ಕಟ್ಟುವವರು ಅವರೊಬ್ಬರೇ, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಚೀಟಿರಾಯರು. ವಿಜ್ಞಾನಿಗಳು ಯಾವ ಹಕ್ಕಿಗೆ ಯಾರ ಹೆಸರಿಟ್ಟಿದ್ದಾರೆ ಎಂಬುದು ಅವರಿಗೆ ಸ್ವಂತ ಬಂಧುಬಳಗದಷ್ಟೇ ಪರಿಚಿತ. ಡ್ರಾಯರ್ ಎಳೆದು, "ಇವರು ಡಾಕ್ಟ್ರು, ಇವರು ಕರ್ನಲ್ ಸಾಹೇಬ್ರ ಮನೆಯವರು, ಪಾಪ, ಇವರಿಗೆ ಹಕ್ಕಿ ಕಂಡ್ರೇ ಆಗ್ತಿರಲಿಲ್ಲ" ಎಂದು ಪರಿಚಯ ಮಾಡಿಸುತ್ತಾರೆ. ಮರಕುಟಿಗಕ್ಕೆ ನುಸಿ ಹಿಡಿದರೆ, "ಜಡ್ಜ್ ಸಾಹೇಬ್ರಿಗೆ ಮೈಗೆ ಹುಷಾರಿಲ್ಲ" ಎಂದು ಔಷಧಿ ಹೊಡೆಯುತ್ತಾರೆ. ಆದರೆ ನಿಯಮ ನಿಯಮವೇ. ಒಂದೇ ಹಕ್ಕಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲು ಇಟ್ಟದ್ದೇ ಉಳಿಯಬೇಕು. ಹಾಗೆ ರದ್ದಾದ ಹೆಸರುಗಳ ಪಟ್ಟಿ ಬಂದ ದಿನವೇ ಚೀಟಿರಾಯರು ಕತ್ತರಿ ಹಿಡಿದು, ಮಂತ್ರಿಯಾಗಲಿ ಮಹಾರಾಣಿಯಾಗಲಿ, ಮುಲಾಜಿಲ್ಲದೆ ಕಿತ್ತು ಹೊಸ ಚೀಟಿ ಕಟ್ಟುತ್ತಾರೆ. "ಹೆಸರೇನು ಅವರಪ್ಪನ ಮನೆ ಆಸ್ತಿಯೇನ್ರೀ?" ಎನ್ನುತ್ತಾರೆ. ಅವರ ತಾಯಿ ಹಿಂದೆ ಇದೇ ವಿಭಾಗದಲ್ಲಿ ಹಕ್ಕಿಗಳ ಹೊಟ್ಟೆ ಹೊಲಿಯುತ್ತಿದ್ದವರು. ಆಗಿನ ಮುಖ್ಯಸ್ಥರು ಒಂದು ಬೂದು ಬಣ್ಣದ ಪುಟ್ಟ ಹಕ್ಕಿಗೆ ಆಕೆಯ ಹೆಸರಿಟ್ಟಿದ್ದರು. ಹನ್ನೆರಡು ವರ್ಷದ ಹಿಂದೆ ಅದೂ ಪಟ್ಟಿಯಲ್ಲಿ ಬಂತು: ಆ ಹಕ್ಕಿಗೆ ಎಷ್ಟೋ ಮೊದಲೇ ಯಾರೋ ಹಡಗಿನ ಕಪ್ತಾನನ ಹೆಸರು ಇಟ್ಟಾಗಿತ್ತು. ಚೀಟಿರಾಯರು ಹೊಸ ಚೀಟಿಯನ್ನು ಅಂದೇ ಬರೆದರು. ಅದಿನ್ನೂ ಅವರ ಜೇಬಿನಲ್ಲೇ ಇದೆ. ದಿನಾ ಬೆಳಿಗ್ಗೆ ಒಂದು ಅಂಗಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಸಂಜೆ ಬಾಗಿಲು ತೆಗೆಯುತ್ತಲೇ ತಾಯಿ, "ನನ್ನ ಹಕ್ಕಿ ಹೇಗಿದ್ಯೋ?" ಎಂದು ಕೇಳುತ್ತಾರೆ. ಅದು ಸತ್ತು ಐವತ್ತು ವರ್ಷವಾಯಿತು. ಚೀಟಿರಾಯರು ಜೇಬಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರೆ, "ಚೆನ್ನಾಗಿದೆ ಕಣಮ್ಮಾ."